‘ಆಗಿಬರಲಿಲ್ಲ’ ಅಂದರೆ ಏನಾಯಿತು?

ಲಾಂಗ್ ಕೋವಿಡ್ (ಸೋಂಕು ಹೋದಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಇರುವವರು ಕೋವಿಡ್ ಲಸಿಕೆಯ ಇನ್ನೊಂದು ಡೋಸ್ ಹಾಕಿಸಿಕೊಳ್ಳಬೇಕೇ ಎಂದು ಕೇಳಲು ಬಂದಾಗ ಬಾಯಿಂದ ಬರುವ ಮೊದಲ ಮಾತು ಹೆಚ್ಚಾಗಿ ಇದೇ: ‘ಕಳೆದ ಸಲದ್ದು ನನಗೆ ಆಗಿಬರಲಿಲ್ಲ.’ ಸರಿ, ಏನಾಯಿತು? ‘ಒಟ್ಟಿನಲ್ಲಿ ಆಗಿಬರಲಿಲ್ಲ.’ ಎಷ್ಟನೇ ದಿನ ಶುರುವಾಯಿತು? ನೆನಪಿಲ್ಲ. ಎಷ್ಟು ದಿನ ಇತ್ತು? ‘ತುಂಬ ದಿನ.’ ಯಾವ ಲಸಿಕೆ? ‘ಎಲ್ಲರಿಗೂ ಹಾಕಿದರಲ್ಲ, ಅದೇ.’ ಇಷ್ಟನ್ನು ಮುಂದಿಟ್ಟು ಬೇಕೋ ಬೇಡವೋ ಒಂದೇ ಮಾತಲ್ಲಿ ಹೇಳಿಬಿಡಿ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ತಲೆಗೆ ಮಂಜು ಕವಿದವರಿಗೆ ನಿನ್ನೆಯದೇ ನೆನಪಿರುವುದಿಲ್ಲ. ಜೊತೆಗೆ ಬಂದ ಮನೆಯವರೂ ಒಂದು ಸಾಲು ಬರೆದಿಟ್ಟಿರುವುದಿಲ್ಲ ಎಂಬುದೇ ಕಿರಿಕಿರಿ.

‘ಆಗಿಬರಲಿಲ್ಲ’ ಎಂಬ ಒಂದು ಪದದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ನಾಲ್ಕಕ್ಕೂ ಉತ್ತರ ಬೇರೆ. ಅವನ್ನು ಬಿಡಿಸದೆ ಮುಂದಿನ ಡೋಸ್ ಬಗ್ಗೆ ಮಾತಾಡುವುದು ವ್ಯರ್ಥ. ಬಿಡಿಸುವುದಕ್ಕೆ ಮುಖ್ಯವಾಗಿ ಬೇಕಾದ್ದು ಗಡಿಯಾರ ಮತ್ತು ಕ್ಯಾಲೆಂಡರ್.

ಚುಚ್ಚಿಸಿಕೊಂಡ ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆಯ ಊತ, ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು ಆಗಿದ್ದರೆ ಅದು ಅಲರ್ಜಿಯ ದಾರಿ. ತೀವ್ರ ಅಲರ್ಜಿ ಹೆಚ್ಚಿನವರಲ್ಲಿ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಅದೇ ಬಗೆಯ ಲಸಿಕೆ ಮತ್ತೆ ಇಲ್ಲ. ಬೇರೆ ಬಗೆಯದರ ಮಾತನ್ನು ಅಲರ್ಜಿ ತಜ್ಞರ ಮುಂದೆಯೇ ಆಡಬೇಕು. ಮರುದಿನದ ಜ್ವರ, ಚಳಿ, ಮೈಕೈನೋವು, ತಲೆನೋವು ಒಂದರಿಂದ ಮೂರು ದಿನದಲ್ಲಿ ಇಳಿದಿದ್ದರೆ ಅದು ರೋಗನಿರೋಧಕ ವ್ಯವಸ್ಥೆ ಎಚ್ಚರವಾದ ಸದ್ದು. ಅಹಿತಕರ, ಆದರೆ ಮುಂದಿನ ಡೋಸ್ ತಡೆಯಲು ಕಾರಣವಲ್ಲ. ಸುಮಾರು ಒಂದು ವಾರದ ನಂತರ ಚುಚ್ಚಿದ ಜಾಗದ ಸುತ್ತ ಕೆಂಪಾಗಿ ತುರಿಸುವುದೂ ಅಷ್ಟೇ. ಇನ್ನು ಮೊದಲ ವಾರದಲ್ಲಿ ಎದೆನೋವು, ಏದುಸಿರು, ಎದೆ ಡವಗುಟ್ಟುವುದು ಹೊಸದಾಗಿ ಬಂದು, ಮುಖ್ಯವಾಗಿ ಹದಿಹರೆಯದ ಅಥವಾ ಎಳೆಯ ಪ್ರಾಯದ ಗಂಡಸರಲ್ಲಿ, ಇಸಿಜಿ ಮತ್ತು ಟ್ರೋಪೋನಿನ್ (ಹೃದಯ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್) ಪರೀಕ್ಷೆಯಲ್ಲಿ ಹೃದಯ ಸ್ನಾಯುವಿನ ಉರಿಯೂತ ಸಾಬೀತಾಗಿದ್ದರೆ ವಿಷಯ ಬೇರೆಯೇ. ಅವರಿಗೆ ಮತ್ತೊಂದು ಡೋಸನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹೃದ್ರೋಗ ತಜ್ಞರ ಮಾತೇ ಕೊನೆ.

ನಾಲ್ಕನೆಯದೇ ಎಲ್ಲರನ್ನೂ ದಾರಿ ತಪ್ಪಿಸುವುದು. ಇದನ್ನು ಸ್ವಲ್ಪ ಎಳೆದು ಹೇಳಬೇಕು.

ಲಾಂಗ್ ಕೋವಿಡ್‌ನ ಬಹಳ ಮಂದಿಗೆ ಶ್ರಮದ ನಂತರದ ಕುಸಿತ ಇರುತ್ತದೆ. ಅವರೇ ಅದನ್ನು ‘ಕ್ರ್ಯಾಶ್’ ಎನ್ನುತ್ತಾರೆ. ಇದರ ಗುಣವೇ ತಡವಾಗಿ ಬರುವುದು: ಶ್ರಮಪಟ್ಟ ದಿನ ಹೇಗೋ ನಡೆದುಹೋಗುತ್ತದೆ, 12ರಿಂದ 48 ಗಂಟೆಯ ನಂತರ, ಕೆಲವೊಮ್ಮೆ ಮೂರನೇ ದಿನ, ಮೈ ನೆಲ ಕಚ್ಚುತ್ತದೆ. ಈಗ ಲಸಿಕೆಯ ದಿನವನ್ನು ನೆನಪಿಸಿಕೊಳ್ಳಿ. ಹಿಂದಿನ ರಾತ್ರಿ ಯೋಚನೆಯಲ್ಲಿ ನಿದ್ದೆಯಿಲ್ಲ. ಬೆಳಿಗ್ಗೆ ಬೇಗ ಎದ್ದು ಸ್ನಾನ, ಪ್ರಯಾಣ, ಮೆಟ್ಟಿಲು. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತದ್ದು, ಗದ್ದಲ, ಟ್ಯೂಬ್‌ಲೈಟ್ ಬೆಳಕು, ಫಾರ್ಮ್ ತುಂಬಿದ್ದು, ಹದಿನೈದು ನಿಮಿಷ ಬೆನ್ನಿಲ್ಲದ ಬೆಂಚಿನ ಮೇಲೆ ಕೂತದ್ದು, ಮತ್ತೆ ಪ್ರಯಾಣ. ವಾರವಿಡೀ ಮನೆಯಿಂದ ಹೊರಬೀಳದವರಿಗೆ ಇದು ಪರ್ವತ ಹತ್ತಿದಷ್ಟೇ. ಎರಡನೇ ದಿನ ಕುಸಿತ ಬರುತ್ತದೆ, ಅದರ ಮೇಲೆ ಲಸಿಕೆಯ ಜ್ವರವೂ ಕೂತಿರುತ್ತದೆ. ಜ್ವರ ಮೂರನೇ ದಿನಕ್ಕೆ ಇಳಿಯುತ್ತದೆ. ಕುಸಿತ ಎರಡು ಮೂರು ವಾರ ಎಳೆಯುತ್ತದೆ. ಪೂರ್ತಿ ಲೆಕ್ಕ ಲಸಿಕೆಯ ಹೆಸರಿಗೆ ಬರೆದಾಗುತ್ತದೆ. ಅವರು ಅಳೆದದ್ದು ಲಸಿಕೆಯನ್ನಲ್ಲ, ಲಸಿಕೆಗೆ ಹೋಗಿಬಂದ ದಿನವನ್ನು.

ಹಾಗಂತ ಲಸಿಕೆಯ ಪಾಲು ಸೊನ್ನೆ ಎನ್ನುತ್ತಿಲ್ಲ. ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವುದೂ ದೇಹಕ್ಕೆ ಒಂದು ಶ್ರಮ. ಮನೆಗೇ ಬಂದು ಚುಚ್ಚಿದರೂ ಕುಸಿದವರಿದ್ದಾರೆ. ಡೋಸ್ ಆದಮೇಲೆ ತಿಂಗಳುಗಟ್ಟಲೆ ಹಿಂದಿನ ಮಟ್ಟಕ್ಕೆ ಬರದವರೂ ಇದ್ದಾರೆ. ಅವರನ್ನು ‘ನಿಮ್ಮ ಭ್ರಮೆ’ ಎಂದು ಕಳಿಸುವ ವೈದ್ಯರು ನಮ್ಮ ಕಸುಬಿನ ಮಾನ ಕಳೆಯುತ್ತಾರೆ. ಆದರೆ ಯಾವುದು ಯಾವುದರಿಂದ ಎಂಬುದು ಮುಂದಿನ ನಿರ್ಧಾರಕ್ಕೆ ಬೇಕೇಬೇಕು. ಕುಸಿತ ಪ್ರಯಾಣದ್ದಾದರೆ ಬದಲಿಸಬೇಕಾದದ್ದು ಪ್ರಯಾಣ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದೂ ಉಂಟು: ಈ ಕಾಯಿಲೆ ತನ್ನಷ್ಟಕ್ಕೇ ಏರಿಳಿಯುವಂಥದ್ದು. ಲಸಿಕೆಯ ಪ್ರಯೋಗಗಳಲ್ಲಿ ಔಷಧವೇ ಇಲ್ಲದ ಪ್ಲಾಸಿಬೊ ಚುಚ್ಚಿಸಿಕೊಂಡವರಲ್ಲೂ ಮೊದಲ ಡೋಸ್ ನಂತರ ಸುಮಾರು ಶೇ 35 ಮಂದಿ ತಲೆನೋವು, ಸುಸ್ತಿನಂಥ ತೊಂದರೆ ಹೇಳಿದ್ದರು. ಅವರು ಸುಳ್ಳು ಹೇಳಲಿಲ್ಲ. ಯಾವ ವಾರ ಕೇಳಿದರೂ ಜನಕ್ಕೆ ತಲೆನೋವು, ಸುಸ್ತು ಇದ್ದೇ ಇರುತ್ತದೆ. ಜೊತೆಗೆ ನಿರೀಕ್ಷೆಯೂ ತನ್ನ ಕೆಲಸ ಮಾಡುತ್ತದೆ.

ಇನ್ನೊಂದು ತಪ್ಪು ಪ್ರಶ್ನೆ: ‘ಇದರಿಂದ ನನ್ನ ಲಾಂಗ್ ಕೋವಿಡ್ ವಾಸಿಯಾಗುತ್ತದಾ?’ ಲಸಿಕೆ ಚಿಕಿತ್ಸೆಯಲ್ಲ. ಬ್ರಿಟನ್ನಿನಲ್ಲಿ 18ರಿಂದ 69 ವರ್ಷದವರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಲಾಂಗ್ ಕೋವಿಡ್ ಲಕ್ಷಣ ಹೇಳುವ ಸಂಭವ ಮೊದಲ ಡೋಸ್ ನಂತರ ಸುಮಾರು ಶೇ 13, ಎರಡನೆಯದರ ನಂತರ ಶೇ 9ರಷ್ಟು ಇಳಿದಿತ್ತು. ಅದು ಗಮನಿಸಿ ಬರೆದದ್ದು, ಹೋಲಿಕೆಗೆ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಹಾಗಾಗಿ ಲಸಿಕೆಯೇ ಇಳಿಸಿತು ಎನ್ನಲಾಗದು. ಉಳಿದ ಅಧ್ಯಯನಗಳನ್ನೂ ಸೇರಿಸಿ ನೋಡಿದರೆ ಹೆಚ್ಚಿನವರಲ್ಲಿ ಏನೂ ಬದಲಾಗುವುದಿಲ್ಲ, ಕೆಲವರಿಗೆ ಹಗುರವಾಗುತ್ತದೆ, ಕೆಲವರಿಗೆ ಕೆಡುತ್ತದೆ. ನೀವು ಯಾವ ಗುಂಪಿನವರು ಎಂದು ಮೊದಲೇ ಹೇಳುವ ಪರೀಕ್ಷೆಯಿಲ್ಲ. ಆಂಟಿಬಾಡಿ ಮಟ್ಟ ಅಳೆಸಿಕೊಂಡು ಬರುವವರಿಗೂ ಇದೇ ಮಾತು. ವೈರಾಣುವಿನ ಮೇಲಿನ ಮುಳ್ಳಿನಂಥ ಪ್ರೋಟೀನನ್ನು ಗುರುತಿಸುವ ಸ್ಪೈಕ್ ಆಂಟಿಬಾಡಿ ಲಸಿಕೆಯಿಂದಲೂ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ. ಇಷ್ಟಿದ್ದರೆ ಸಾಕು ಎಂಬ ಗೆರೆ ಯಾರೂ ಎಳೆದಿಲ್ಲ. ಆ ದುಡ್ಡು ಉಳಿಸಿ.

ಕೇಳಬೇಕಾದದ್ದು ಮುಂದಿನ ಸೋಂಕಿನ ಬಗ್ಗೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಲಸಿಕೆ, ಇನ್ನೊಂದರಲ್ಲಿ ‘ಏನೂ ಇಲ್ಲ’ ಇಟ್ಟುಕೊಂಡವರಿಗೆ ಲಸಿಕೆ ಯಾವಾಗಲೂ ಭಾರವಾಗಿಯೇ ಕಾಣುತ್ತದೆ. ಎರಡನೇ ತಟ್ಟೆಯಲ್ಲಿ ಇರುವುದು ಮತ್ತೊಂದು ಸೋಂಕು. ಅಮೆರಿಕದ ನಿವೃತ್ತ ಸೈನಿಕರ ದಾಖಲೆಗಳ ಮೇಲೆ 2024ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಒಮಿಕ್ರಾನ್ ಕಾಲದಲ್ಲಿ ಸೋಂಕಾದ ನೂರು ಮಂದಿಗೆ ಒಂದು ವರ್ಷದಲ್ಲಿ ಲಸಿಕೆ ಪಡೆಯದವರಲ್ಲಿ 7.76, ಪಡೆದವರಲ್ಲಿ 3.5ರಂತೆ ಲಾಂಗ್ ಕೋವಿಡ್ ಲೆಕ್ಕ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು. ಈಗಾಗಲೇ ಲಾಂಗ್ ಕೋವಿಡ್ ಇರುವ ಮೂವತ್ತರ ಹೆಣ್ಣುಮಗಳಿಗೆ ಆ ಅಂಕಿ ಹಾಗೇ ಹೊಂದುವುದಿಲ್ಲ. ದಿಕ್ಕು ತಿಳಿಯಲು ಸಾಕು, ಅಷ್ಟೆ. ಸೋಂಕನ್ನೇ ತಡೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ತೀವ್ರ ಕಾಯಿಲೆ ತಡೆಯುವುದು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನೂ ತಟ್ಟೆಗೆ ಹಾಕಿ.

ಹಾಗಾಗಿ 65 ದಾಟಿದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹ ಇರುವವರಿಗೆ ‘ಹಾಕಿಸಿಕೊಳ್ಳಿ’ ಎನ್ನುವ ಕಡೆಗೇ ನನ್ನ ಒಲವು. ಲಾಂಗ್ ಕೋವಿಡ್ ಇರುವುದೇ ಲಸಿಕೆಗೆ ಅಡ್ಡಿಯಲ್ಲ. ಎಳೆಯ ವಯಸ್ಸು, ಬೇರೆ ಅಪಾಯವಿಲ್ಲ, ಈಗಾಗಲೇ ಕೆಲವು ಡೋಸ್ ಆಗಿದೆ, ಕಳೆದ ಡೋಸ್ ನಂತರ ಪ್ರಯಾಣದ ಲೆಕ್ಕ ಕಳೆದ ಮೇಲೂ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು ಎಂದಾದರೆ, ಈ ಸಲ ಬೇಡ ಎನ್ನುವುದೂ ತೂಕದ ನಿರ್ಧಾರವೇ. ನಡುವೆ ಇರುವವರೇ ಹೆಚ್ಚು, ಅವರಿಗೆ ಈ ಅಂಕಣ.

ಹಾಕಿಸಿಕೊಳ್ಳುವುದಾದರೆ ತಯಾರಿ ಎರಡು ವಾರ ಮುಂಚೆ ಶುರು. ದಿನಕ್ಕೆ ಒಂದೇ ಸಾಲು: ಸುಸ್ತು, ನೋವು, ತಲೆಯ ಮಂಜು, ನಿದ್ದೆ, ತಲಾ 0ಯಿಂದ 10ರಲ್ಲಿ ಎಷ್ಟು, ಬೆಳಿಗ್ಗೆ ಏಳುವ ಮುನ್ನದ ನಾಡಿಬಡಿತ, ಫೋನ್ ತೋರಿಸುವ ಹೆಜ್ಜೆಗಳ ಸಂಖ್ಯೆ. ನಿಂತರೆ ತಲೆ ಸುತ್ತುವವರು ಒಂದು ದಿನ ಹತ್ತು ನಿಮಿಷ ಮಲಗಿ ನಾಡಿ ಮತ್ತು ರಕ್ತದೊತ್ತಡ ಬರೆದುಕೊಂಡು, ಆಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ನಿಂತು ಮತ್ತೆ ಬರೆಯಲಿ, ಪಕ್ಕದಲ್ಲಿ ಒಬ್ಬರಿರಲಿ. ದೊಡ್ಡವರಲ್ಲಿ ರಕ್ತದೊತ್ತಡ ಬೀಳದೆ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಹಾಗೇ ಉಳಿದರೆ ಅದು ಪಾಟ್ಸ್ (ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಇರಬಹುದು. ಲಸಿಕೆಗೂ ಮುಂಚೆ ವೈದ್ಯರಿಗೆ ತೋರಿಸಿ. ಈ ಎರಡು ವಾರದ ಸಾಲುಗಳಿಲ್ಲದೆ ‘ಲಸಿಕೆಯಿಂದ ಕೆಟ್ಟಿತು’ ಎಂದರೂ ‘ಏನೂ ಆಗಲಿಲ್ಲ’ ಎಂದರೂ ಎರಡಕ್ಕೂ ಆಧಾರವಿಲ್ಲ.

ಕುಸಿತದ ನಡುವೆ ಹೋಗಬೇಡಿ. ನಿಮ್ಮ ಮಾಮೂಲಿ ಮಟ್ಟದಲ್ಲಿ ಎರಡು ವಾರ ನಿಂತಮೇಲೆ ದಿನ ಗೊತ್ತು ಮಾಡಿ. ಈಚೆಗಷ್ಟೇ ಕೋವಿಡ್ ಬಂದು ಹೋಗಿದ್ದರೆ ಅವಸರವಿಲ್ಲ, ಮೂರು ತಿಂಗಳು ಕಾಯಬಹುದು. ಫ್ಲೂ ಲಸಿಕೆಯನ್ನು ಅದೇ ದಿನ ಕೊಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ಲಾಂಗ್ ಕೋವಿಡ್‌ನವರು ಎರಡರಿಂದ ನಾಲ್ಕು ವಾರ ಅಂತರ ಇಟ್ಟರೆ ಯಾವುದು ಏನು ಮಾಡಿತೆಂದು ತಿಳಿಯುತ್ತದೆ. ಅದೇ ಕಾರಣಕ್ಕೆ ಆ ತಿಂಗಳು ಹೊಸ ಮಾತ್ರೆ, ಹೊಸ ಸಪ್ಲಿಮೆಂಟ್, ಹೊಸ ವ್ಯಾಯಾಮ ಶುರುಮಾಡಬೇಡಿ.

ಯಾವ ಬಗೆಯದು ಎಂಬ ಪ್ರಶ್ನೆಗೆ: ವೈರಾಣುವಿನ ಪ್ರೋಟೀನ್ ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವುದು ಎಂಆರ್‌ಎನ್‌ಎ ಲಸಿಕೆ (ಫೈಜರ್, ಮಾಡರ್ನಾ), ಆ ಪ್ರೋಟೀನನ್ನೇ ಕೊಡುವುದು ಪ್ರೋಟೀನ್ ಲಸಿಕೆ (ನೋವಾವ್ಯಾಕ್ಸ್). ಎಂಆರ್‌ಎನ್‌ಎ ಲಸಿಕೆಗಿಂತ ಪ್ರೋಟೀನ್ ಲಸಿಕೆಯಲ್ಲಿ ಮೊದಲ ಎರಡು ದಿನದ ಜ್ವರ, ಮೈಕೈನೋವು ಸರಾಸರಿ ಕಡಿಮೆ. ಲಾಂಗ್ ಕೋವಿಡ್ ಕುಸಿತವನ್ನೂ ಅದು ಕಡಿಮೆ ಮಾಡುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು. ಸಿಗುವುದಾದರೆ, ಹಿಂದೆ ಎಂಆರ್‌ಎನ್‌ಎ ತುಂಬ ಕಾಡಿದವರು ಕೇಳಿ ನೋಡಬಹುದು. ‘ಅರ್ಧ ಡೋಸ್ ಹಾಕಿ’ ಎಂದು ನರ್ಸ್‌ಗೆ ದುಂಬಾಲು ಬೀಳುವವರಿದ್ದಾರೆ. ಅರ್ಧ ಡೋಸ್ ಲೆಕ್ಕಕ್ಕೇ ಬರುವುದಿಲ್ಲ, ಕೊನೆಗೆ ಎರಡು ಸಲ ಹೋಗಿಬಂದ ಶ್ರಮ ಮಾತ್ರ ಉಳಿಯುತ್ತದೆ. ಫೈಜರ್‌ನದು 30, ಮಾಡರ್ನಾದ ಬೂಸ್ಟರ್ 50, ನೋವಾವ್ಯಾಕ್ಸ್ 5 ಮೈಕ್ರೋಗ್ರಾಂ ಎಂದು ಓದಿ ‘5ರದ್ದು ಸೌಮ್ಯ’ ಎಂದುಕೊಳ್ಳುವುದೂ ಬೇಡ. ಒಂದು ಆರ್‌ಎನ್‌ಎ ತೂಕ, ಇನ್ನೊಂದು ಪ್ರೋಟೀನ್ ತೂಕ, ಅದರ ಜೊತೆ ರೋಗನಿರೋಧಕ ವ್ಯವಸ್ಥೆಯನ್ನು ಹೆಚ್ಚು ಎಬ್ಬಿಸುವ 50 ಮೈಕ್ರೋಗ್ರಾಂ ಸಹಾಯಕ ಪದಾರ್ಥ ಬೇರೆ ಇರುತ್ತದೆ.

ಆ ದಿನ ಮೊದಲ ಸರದಿ ಕೇಳಿ. ಫಾರ್ಮ್ ಮನೆಯಲ್ಲೇ ತುಂಬಿ. ನಿಲ್ಲಲಾಗದವರು ಗಾಲಿಕುರ್ಚಿ ಕೇಳಲು ನಾಚಬೇಡಿ, ಮಲಗಿಯೇ ಚುಚ್ಚಿಸಿಕೊಳ್ಳಬಹುದು. ಸೂಜಿ ಕಂಡರೆ ತಲೆ ತಿರುಗುವವರಿಗೂ ಅದೇ ಒಳ್ಳೆಯದು. ಉಪವಾಸ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯವರು ಮೊದಲೇ ಹೇಳಿ; ಸಣ್ಣ ಸೂಜಿ ಬಳಸಿ, ಜಾಗವನ್ನು ಉಜ್ಜದೆ ಕನಿಷ್ಠ ಎರಡು ನಿಮಿಷ ಒತ್ತಿಹಿಡಿಯಬೇಕು. ನೋವು ಬರದಿರಲೆಂದು ಮುಂಚಿತವಾಗಿ ಪ್ಯಾರಾಸಿಟಮಾಲ್ ನುಂಗಬೇಡಿ. ಜ್ವರ, ನೋವು ಬಂದಮೇಲೆ ದೊಡ್ಡವರು 500ರಿಂದ 1000 ಮಿಲಿಗ್ರಾಂ, ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಅಥವಾ 50 ಕೆಜಿಗಿಂತ ಕಡಿಮೆ ತೂಕ ಇದ್ದರೆ ಇನ್ನೂ ಕಡಿಮೆ.

ಮಾತ್ರೆಗಳ ವಿಷಯದಲ್ಲಿ ಎರಡು ಎಚ್ಚರ. ದಿನವೂ ಆಂಟಿಹಿಸ್ಟಮಿನ್ (ತುರಿಕೆ, ಸೀನು ತಗ್ಗಿಸುವ ಅಲರ್ಜಿ ಮಾತ್ರೆ) ತೆಗೆದುಕೊಳ್ಳುವವರು ಮುಂದುವರಿಸಿ, ಆದರೆ ಅಲರ್ಜಿಗೆ ಗುರಾಣಿಯೆಂದು ಆ ಬೆಳಿಗ್ಗೆ ಹೊಸದಾಗಿ ನುಂಗಬೇಡಿ. ಅದು ತೀವ್ರ ಅಲರ್ಜಿಯನ್ನು ತಡೆಯುವುದಿಲ್ಲ, ಮೊದಲ ಸೂಚನೆಯಾದ ಚರ್ಮದ ದದ್ದನ್ನು ಮುಚ್ಚಿಹಾಕುತ್ತದೆ. ಪಾಟ್ಸ್‌ಗೆಂದು ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬಾರದು, ಆದರೆ ಸಿಬ್ಬಂದಿಗೆ ಹೇಳಲೇಬೇಕು: ಅಲರ್ಜಿಯಾದರೆ ಕೊಡುವ ಅಡ್ರಿನಾಲಿನ್ ಅಂಥವರಲ್ಲಿ ಮಂಕಾಗಿ ಕೆಲಸ ಮಾಡಬಹುದು. ಹಿಂದೆ ಯಾವುದೇ ತೀವ್ರ ಅಲರ್ಜಿ ಆಗಿದ್ದವರು ಹದಿನೈದಲ್ಲ, ಮೂವತ್ತು ನಿಮಿಷ ಅಲ್ಲೇ ಇರಿ.

ಮುಂದಿನ ಮೂರು ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಎರಡನೇ ದಿನ ‘ಪರವಾಗಿಲ್ಲವಲ್ಲ’ ಎಂದು ಮನೆ ಗುಡಿಸಲು ನಿಂತು ನಾಲ್ಕನೇ ದಿನ ಮಲಗಿದವರ ಪಟ್ಟಿ ಉದ್ದವಿದೆ. ಮೂರನೇ ದಿನವೇ ತೀರ್ಪು ಕೊಡಬೇಡಿ. ಏಳನೇ ದಿನ, ನಾಲ್ಕನೇ ವಾರ, ಹನ್ನೆರಡನೇ ವಾರದ ಸಾಲುಗಳನ್ನು ಮೊದಲಿನ ಎರಡು ವಾರದ ಜೊತೆ ಇಟ್ಟು ನೋಡಿ. ನಾಲ್ಕು ವಾರವಾದರೂ ಹಿಂದಿನ ಮಟ್ಟಕ್ಕೆ ಬಾರದಿದ್ದರೆ ವೈದ್ಯರಿಗೆ ತೋರಿಸಿ, ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆಗೂ ವರದಿ ಹೋಗಲಿ. ಎದೆನೋವು, ಏದುಸಿರು, ಒಂದು ಕಡೆಯ ಬಲಹೀನತೆ, ಕಾಲಿನಿಂದ ಮೇಲೇರುವ ಜೋಮು ಬಂದರೆ ಕಾಯುವ ಮಾತೇ ಇಲ್ಲ, ಅದನ್ನು ಲಾಂಗ್ ಕೋವಿಡ್ ತಲೆಗೆ ಕಟ್ಟಬೇಡಿ.

ಬೇಡವೆಂದು ತೀರ್ಮಾನಿಸಿದವರಿಗೂ ಮಾಡಬೇಕಾದ ತಯಾರಿಯಿದೆ. ಗಾಳಿಯಾಡದ, ಜನ ತುಂಬಿದ ಜಾಗಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಎನ್95. ಸೋಂಕು ಬಂದರೆ ಆಂಟಿವೈರಲ್ ಮಾತ್ರೆ ನಿಮಗೆ ಹೊಂದುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳುವುದು. ಅಂಥ ಒಂದು ಜೋಡಿ ಮಾತ್ರೆಯಾದ ನಿರ್ಮಾಟ್ರೆಲ್ವಿರ್-ರಿಟೊನಾವಿರ್, ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭವಾಗಬೇಕು, ಆ ಐದು ದಿನದಲ್ಲಿ ಮಾತ್ರೆಗಳ ತಾಳೆ ನೋಡುತ್ತ ಕೂರಲು ಪುರುಸೊತ್ತಿರುವುದಿಲ್ಲ. ನಾಡಿ ಇಳಿಸಲು ಐವಾಬ್ರಡಿನ್, ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು ಅವನ್ನು ರಿಟೊನಾವಿರ್ ಜೊತೆ ಸೇರಿಸುವಂತಿಲ್ಲ. ಯಾವುದನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂದು ನಿಮ್ಮ ವೈದ್ಯರಿಂದಲೇ ಬರೆಸಿಕೊಂಡು, ಆ ಚೀಟಿಯನ್ನು ಮಾತ್ರೆ ಡಬ್ಬಿಯಲ್ಲೇ ಇಡಿ. ಹಾಕಿಸಿಕೊಂಡವರ ಚೀಟಿಯಲ್ಲಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ತಾರೀಖು, ಯಾವ ತೋಳು ಎಂಬುದಿರಲಿ, ಅದರ ಕೆಳಗೆ ಎಷ್ಟನೇ ದಿನ ಏನಾಯಿತು ಎಂಬುದು. ಮುಂದಿನ ಸಲ ಬರುವಾಗ ಅದನ್ನೇ ತನ್ನಿ.