ಟರ್ಮಿನಲ್ ಪೂರ್ತಿ ಆವರಿಸುವ ಪ್ರೋಗ್ರಾಂ ಬರೆಯುವುದು: ಕಲಿಯುತ್ತಾ ಬರೆದಿಟ್ಟ ಟಿಪ್ಪಣಿ

ಪಠ್ಯ ತಿದ್ದುವ ವಿಮ್ ಅಥವಾ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಎಚ್‌ಟಾಪ್ ತೆರೆದರೆ ಟರ್ಮಿನಲ್, ಅಂದರೆ ಅಪ್ಪಣೆ ಟೈಪ್ ಮಾಡುವ ಕಿಟಕಿ, ಪೂರ್ತಿ ಅದರದೇ ಆಗಿಬಿಡುತ್ತದೆ. ಮುಚ್ಚಿದರೆ ಹಳೆಯ ಸಾಲುಗಳು ಇದ್ದಲ್ಲೇ ಇರುತ್ತವೆ. ಅಂಥದ್ದೊಂದನ್ನು ಬರೆಯಲು ಕೂತಾಗ, 'ಪರದೆಯ ಇಂಥ ಜಾಗದಲ್ಲಿ ಇಂಥ ಅಕ್ಷರ ಇಡು' ಎನ್ನುವ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ಪ್ರೋಗ್ರಾಂ ಸಲ್ಲಿಸುವ ಕೋರಿಕೆ) ಇರಬೇಕೆಂದು ಹುಡುಕಿದೆ. ಲಿನಕ್ಸ್‌ನಂಥ ಯುನಿಕ್ಸ್ ಮನೆತನದಲ್ಲಿ ಅದು ಸಿಗಲಿಲ್ಲ. ಪ್ರೋಗ್ರಾಂ ಕೈಯಲ್ಲಿರುವುದು ಎರಡೇ ಕೊಳವೆ: ಒಂದರಲ್ಲಿ ಬೈಟ್‌ಗಳು ಬರುತ್ತವೆ, ಇನ್ನೊಂದರಲ್ಲಿ ಹೋಗುತ್ತವೆ. ಪರದೆ ಅದಕ್ಕೆ ಕಾಣುವುದೇ ಇಲ್ಲ. ಇದು ತಲೆಗೆ ಹತ್ತಿದ ಮೇಲೆ ಮಿಕ್ಕದ್ದು ಸಲೀಸಾಯಿತು.

ಹೋಗುವ ಕಡೆ ಸುಲಭ. 27ನೇ ಬೈಟ್, ಅಂದರೆ ಎಸ್ಕೇಪ್, ಬಂತೆಂದರೆ ಮುಂದಿನದು ಅಪ್ಪಣೆ ಎಂದು ಟರ್ಮಿನಲ್ ತಿಳಿಯುತ್ತದೆ. ಎಸ್ಕೇಪ್, ತೆರೆದ ಚೌಕ ಆವರಣ, 5, ಅರ್ಧವಿರಾಮ, 10, ದೊಡ್ಡ ಎಚ್: ಕರ್ಸರ್ 5ನೇ ಸಾಲಿನ 10ನೇ ಕಾಲಂಗೆ ಹೋಗುತ್ತದೆ. 1978ರಲ್ಲಿ ಬಂದ ವಿಟಿ100 ಎಂಬ ಟರ್ಮಿನಲ್ ಯಂತ್ರ ಜನಪ್ರಿಯಗೊಳಿಸಿದ ಪದ್ಧತಿ ಇದು. 80 ಕಾಲಂ, 24 ಸಾಲು ಎಂಬ ಅಳತೆಯೂ ಅದೇ ಕಾಲದಿಂದ ಉಳಿದುಕೊಂಡಿದೆ. ಹಳೆಯ ಸಾಲುಗಳು ಮರಳಿ ಬರುವ ಮಾಯೆಗೂ ಒಂದು ಅಪ್ಪಣೆಯಿದೆ, ಸಂಖ್ಯೆ 1049. ಅದನ್ನು ಕಳಿಸಿದರೆ ಟರ್ಮಿನಲ್ ಎರಡನೆಯ, ಖಾಲಿ ಪರದೆಗೆ ಬದಲಾಗುತ್ತದೆ. ಹಿಂದಕ್ಕೆ ಪಡೆದರೆ ಮೊದಲಿನದೇ ಕಾಣುತ್ತದೆ.

ಕಷ್ಟವಿರುವುದು ಬರುವ ಕಡೆ. ಮಾಮೂಲಿ ಸ್ಥಿತಿಯಲ್ಲಿ ಎಂಟರ್ ಒತ್ತುವ ತನಕ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಏನನ್ನೂ ನಮಗೆ ಕೊಡುವುದಿಲ್ಲ. ಟೈಪ್ ಮಾಡಿದ್ದನ್ನು ತಾನೇ ಪರದೆಗೂ ಬರೆಯುತ್ತದೆ, ಅಳಿಸುವ ಕೀಲಿಯನ್ನೂ ತಾನೇ ನೋಡಿಕೊಳ್ಳುತ್ತದೆ. ಇದೆಲ್ಲ ಬೇಡವೆಂದು ಟರ್ಮಿಯೋಸ್ (ಟರ್ಮಿನಲ್‌ನ ಸೆಟ್ಟಿಂಗ್ ಬದಲಿಸುವ ವ್ಯವಸ್ಥೆ) ಮೂಲಕ ಹೇಳಿದರೆ ಸಿಗುವ ಸ್ಥಿತಿಯೇ ರಾ ಮೋಡ್. ಆಗ ಪ್ರತಿ ಕೀಲಿಯೂ ಹಸಿಹಸಿಯಾಗಿ ಬರುತ್ತದೆ. ಕಂಟ್ರೋಲ್-ಸಿ ಪ್ರೋಗ್ರಾಂ ಅನ್ನು ಕೊಲ್ಲುವುದಿಲ್ಲ, 3 ಎಂಬ ಬೈಟ್ ಆಗಿ ಕೈಗೆ ಬೀಳುತ್ತದೆ. ಹೊರಬರುವ ದಾರಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಬರೆದಿರಲಿಲ್ಲ, ಕಿಟಕಿಯನ್ನೇ ಮುಚ್ಚಬೇಕಾಯಿತು. ಇನ್ನೊಂದು ತಮಾಷೆ: ಹೊಸ ಸಾಲಿನ ಬೈಟ್ ಈಗ ಕೆಳಗಿಳಿಸುತ್ತದೆ ಅಷ್ಟೇ, ಎಡ ಅಂಚಿಗೆ ಒಯ್ಯುವುದಿಲ್ಲ. ಪಠ್ಯ ಮೆಟ್ಟಿಲಿನಂತೆ ಓರೆಯಾಗಿ ಇಳಿಯುತ್ತಿದ್ದರೆ ಕಾರಣ ಇದೇ.

ಇನ್ನು ಎಸ್ಕೇಪ್ ಕೀಲಿಯ ಗೋಜಲು. ಮೇಲಿನ ಬಾಣದ ಕೀಲಿ ಒತ್ತಿದರೆ ಸಾಮಾನ್ಯವಾಗಿ ಬರುವುದು ಮೂರು ಬೈಟ್: 27, 91, 65. ಎಸ್ಕೇಪ್ ಒತ್ತಿದರೆ 27 ಮಾತ್ರ. ಹಾಗಾದರೆ 27 ಬಂದಾಗ ಅದು ಬರೀ ಎಸ್ಕೇಪೋ, ಬಾಣದ ಮೊದಲ ತುಣುಕೋ? ಬೈಟ್ ನೋಡಿ ಹೇಳಲು ಸಾಧ್ಯವೇ ಇಲ್ಲ. ಕೊಂಚ ಕಾದು ನೋಡಬೇಕು: ಬೆನ್ನಿಗೇ ಏನಾದರೂ ಬಂದರೆ ಬಾಣ, ಇಲ್ಲದಿದ್ದರೆ ಎಸ್ಕೇಪ್. ಇಂಥ ಪ್ರೋಗ್ರಾಂಗಳಿಗೆಂದೇ ಇರುವ ಎನ್‌ಕರ್ಸಸ್ ಲೈಬ್ರರಿ ತಾನಾಗಿ 1000 ಮಿಲಿಸೆಕೆಂಡ್ ಕಾಯುತ್ತದೆ. ಒಂದು ಸೆಕೆಂಡ್ ಎಂದರೆ ಒತ್ತಿದವರಿಗೆ ಪ್ರೋಗ್ರಾಂ ನಿದ್ದೆ ಹೋದಂತೆ ಅನ್ನಿಸುತ್ತದೆ. ನಾನು 25ಕ್ಕೆ ಇಳಿಸಿದ್ದೇನೆ. ದೂರದ ಸರ್ವರ್‌ಗೆ ನಿಧಾನವಾದ ಸಂಪರ್ಕವಿದ್ದರೆ ಇಷ್ಟು ಕಡಿಮೆ ಮಾಡುವುದೂ ಅಪಾಯ, ಬಾಣದ ಬೈಟ್‌ಗಳು ಬಿಡಿಬಿಡಿಯಾಗಿ ಬಂದು ಎಡವಟ್ಟಾಗಬಹುದು.

ಚಿತ್ರ ಬರೆಯುವಾಗ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ: ಪ್ರತಿ ಸಲ ಪರದೆ ಅಳಿಸಿ ಮತ್ತೆ ಬರೆಯುವುದು. ಮಿನುಗಿ ಕಣ್ಣು ನೋಯುತ್ತದೆ. ಪರದೆ ನಮಗೆ ಕಾಣದ್ದರಿಂದ ಅದರಲ್ಲಿ ಈಗ ಏನಿದೆ ಎನ್ನುವ ಪ್ರತಿಯನ್ನು ನಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು. ಹೊಸ ಚಿತ್ರವನ್ನು ಇನ್ನೊಂದು ಪ್ರತಿಯಲ್ಲಿ ಕಟ್ಟಿ, ಎರಡನ್ನೂ ಹೋಲಿಸಿ, ಬದಲಾದ ಕೋಶಗಳನ್ನಷ್ಟೇ (ಒಂದು ಸಾಲು, ಒಂದು ಕಾಲಂ ಸೇರುವ ಚೌಕ) ಒಂದೇ ರೈಟ್ ಕರೆಯಲ್ಲಿ ಕಳಿಸಬೇಕು. ಎನ್‌ಕರ್ಸಸ್, ರಸ್ಟ್ ಭಾಷೆಯ ರಟಟುಯಿ ಲೈಬ್ರರಿ ಎರಡೂ ಮಾಡುವುದು ಇದನ್ನೇ. ಕಿಟಕಿ ಹಿಗ್ಗಿದರೆ ಕರ್ನಲ್‌ನಿಂದ ಸಿಗ್‌ವಿಂಚ್ ಎಂಬ ಸಿಗ್ನಲ್, ಅಂದರೆ ಸೂಚನೆ, ಬರುತ್ತದೆ. ಅದು ಬಂದಾಗ ಓಡುವ ಹ್ಯಾಂಡ್ಲರ್‌ನಲ್ಲಿ ಒಂದು ಗುರುತು ಹಾಕಿ, ಅಳತೆ ಕೇಳುವುದನ್ನೂ ಮರುಬರೆಯುವುದನ್ನೂ ಮುಖ್ಯ ಲೂಪಿಗೆ ಬಿಡಿ.

ಕೋಶದ ಲೆಕ್ಕದಲ್ಲಿ ಕನ್ನಡ ಕೈಕೊಡುತ್ತದೆ. 'ಕ್ಷ' ನಮ್ಮ ಕಣ್ಣಿಗೆ ಒಂದು ಅಕ್ಷರ, ಯುನಿಕೋಡ್‌ಗೆ ಮೂರು ಸಂಕೇತ, ಯುಟಿಎಫ್-8ರಲ್ಲಿ 9 ಬೈಟ್. ಒಂದೊಂದೇ ಸಂಕೇತವನ್ನು ಅಳೆಯುವ ಲೈಬ್ರರಿ ಇದಕ್ಕೆ ಎರಡು ಕೋಶ ಎನ್ನುತ್ತದೆ. ಗೊಂಚಲಾಗಿ ನೋಡುವ ಟರ್ಮಿನಲ್ ಬೇರೆಯೇ ಲೆಕ್ಕ ಹಾಕಬಹುದು. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಆ ಸಾಲಿನ ಬಲ ಅಂಚಿನ ಗೆರೆ ಸೊಟ್ಟಗಾಗುತ್ತದೆ. ಪೂರ್ತಿ ಪರಿಹಾರ ನನ್ನ ಬಳಿ ಇಲ್ಲ. ಕನ್ನಡ ಬರುವ ಕಾಲಂ ಅನ್ನು ಕೊನೆಗೆ ಇಟ್ಟು, ಅದರ ಬಲಕ್ಕೆ ಗೆರೆ ಎಳೆಯುವುದನ್ನೇ ಬಿಟ್ಟಿದ್ದೇನೆ.

ಹೊರಡುವಾಗ ಕರ್ಸರ್, ಮೊದಲ ಪರದೆ, ಟರ್ಮಿಯೋಸ್ ಮೂರನ್ನೂ ಮರಳಿಸಬೇಕು, ನಡುವೆ ಪ್ರೋಗ್ರಾಂ ಕುಸಿದರೂ. ದೋಷದ ಸಂದೇಶವನ್ನು ಮೊದಲ ಪರದೆಗೆ ಮರಳಿದ ನಂತರ ಮುದ್ರಿಸಿ, ಇಲ್ಲವಾದರೆ ಎರಡನೆಯ ಪರದೆಯ ಜೊತೆ ಅದೂ ಮಾಯ. ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಲ್ಲುವ ಕಿಲ್ -9 ಬಿದ್ದರೆ ಮಾತ್ರ ನಮ್ಮ ಕೋಡ್‌ಗೆ ಅವಕಾಶವೇ ಸಿಗುವುದಿಲ್ಲ. ಆಗ ಟೈಪ್ ಮಾಡಿದ್ದು ಕಾಣದಿದ್ದರೂ ರೀಸೆಟ್ ಎಂದು ಇಂಗ್ಲಿಷಿನಲ್ಲಿ ಒತ್ತಿ ಎಂಟರ್ ಕೊಡಿ. ಎಂಟರ್ ಕೇಳದಿದ್ದರೆ ಕಂಟ್ರೋಲ್-ಜೆ.