ದೂರ ಕರಗಿತು, ಗಡಿಯಾರ ಕರಗಲಿಲ್ಲ

1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದ ಕಚೇರಿಯೊಡನೆ ಮಾಹಿತಿ ಹಂಚಿಕೊಳ್ಳಲು ಉಪಗ್ರಹ ಸಂಪರ್ಕವನ್ನೇ ಏರ್ಪಡಿಸಿಕೊಳ್ಳಬೇಕಾಯಿತು. 1991ರಲ್ಲಿ ಸಾಫ್ಟ್‌ವೇರ್ ರಫ್ತಿಗೆ ನೆರವಾಗುವ ಸರ್ಕಾರಿ ಸಂಸ್ಥೆ ಎಸ್‌ಟಿಪಿಐ ಶುರುವಾದ ಮೇಲೆ ಸಣ್ಣ ಕಂಪನಿಗಳಿಗೂ ಅಂಥ ಲೈನು ಎಟುಕಿತು. ಆಗ ಹುಟ್ಟಿದ ಆಸೆಯೊಂದು ಇವತ್ತಿಗೂ ಪ್ರೆಸೆಂಟೇಶನ್‌ಗಳಲ್ಲಿ ಉಳಿದಿದೆ: ಅಲ್ಲಿಯವರು ಮಲಗಿದಾಗ ಇಲ್ಲಿಯವರು ದುಡಿದರೆ ಕೆಲಸ 24 ಗಂಟೆಯೂ ನಡೆಯುತ್ತದೆ.

ಲೆಕ್ಕ ಹಾಕಿದರೆ ಆಸೆ ಅಲ್ಲೇ ಎಡವುತ್ತದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ 6ಕ್ಕೆ ಕೇಳಿದ ಪ್ರಶ್ನೆ ತಲುಪುವಾಗ ಅಲ್ಲಿ ಬೆಳಗಿನ 5.30. ಅವರು 10ಕ್ಕೆ ಉತ್ತರಿಸಿದರೆ ಇಲ್ಲಿ ರಾತ್ರಿ 10.30. ಅದನ್ನು ಮರುದಿನ ಬೆಳಿಗ್ಗೆ ಓದಿ, "ಯಾವ ವರ್ಶನ್?" ಎಂದು ಮರುಪ್ರಶ್ನೆ ಹಾಕುವ ಹೊತ್ತಿಗೆ ಅವರು ಮನೆ ಸೇರಿರುತ್ತಾರೆ. ಮೂರು ಪ್ರಶ್ನೆಗೆ ಮೂರು ದಿನ. ಹತ್ತು ನಿಮಿಷದಲ್ಲಿ ಸರಿಪಡಿಸಬಹುದಾದ ಬಗ್ (ಕೋಡಿನ ದೋಷ) ವಾರಗಟ್ಟಲೆ ಎಳೆಯುವುದು ಹೀಗೆ.

ಇದಕ್ಕೆ ಮದ್ದು ಮೀಟಿಂಗ್ ಅಲ್ಲ, ಹ್ಯಾಂಡೋವರ್ ಟಿಪ್ಪಣಿ, ಅಂದರೆ ಕೆಲಸವನ್ನು ಆಚೆಯವರಿಗೆ ದಾಟಿಸುವಾಗ ಬರೆದಿಡುವ ವಿವರ. ಬ್ರಾಂಚ್ (ಕೆಲಸ ನಡೆದಿರುವ ಕೋಡಿನ ಕವಲು) ಹೆಸರು, ಫೇಲಾದ ಟೆಸ್ಟು, ಎರರ್ ಸಾಲು ಇದ್ದದ್ದು ಇದ್ದಂತೆ, ಪ್ರಯತ್ನಿಸಿ ಬಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದ ಸಾಲು, "ನಾಳೆ ಬೆಳಿಗ್ಗೆಯೊಳಗೆ ಉತ್ತರ ಬಾರದಿದ್ದರೆ ನಾನು ಹೀಗೆ ಮಾಡುತ್ತೇನೆ". ಹೆಚ್ಚಿನವರು ಬಿಡುವುದೂ ಅದನ್ನೇ. ನಿರ್ಧರಿಸುವ ಅಧಿಕಾರವೆಲ್ಲ ಕಡಲಾಚೆ ಇದ್ದರೆ ಆ ಸಾಲು ಬರೆಯುವ ಧೈರ್ಯ ಬರುವುದಾದರೂ ಹೇಗೆ?

ಇನ್ನೊಂದು ಕಿರಿಕಿರಿ ಕ್ಯಾಲೆಂಡರಿನದು. 2007ರಿಂದ ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತದೆ. ಮೀಟಿಂಗಿನ ಇನ್ವೈಟ್ ಕ್ಯಾಲಿಫೋರ್ನಿಯಾ ಸಮಯದಲ್ಲಿದ್ದರೆ ನಮ್ಮ ರಾತ್ರಿ 8.30ರ ಕಾಲ್ ಆಗ 9.30ಕ್ಕೆ ಜಾರುತ್ತದೆ, ಊಟವೂ ಜೊತೆಗೇ. ಲಂಡನ್ನಿನ ತಂಡವೂ ಸೇರಿದ್ದರೆ ಇನ್ನೂ ಗೊಂದಲ; ಅವರು ಬದಲಿಸುವುದು ಮಾರ್ಚ್, ಅಕ್ಟೋಬರ್‌ನ ಕೊನೆಯ ಭಾನುವಾರ. ನ್ಯಾಯವಾದ ದಾರಿಯೆಂದರೆ ಸರದಿ: ಒಂದು ತಿಂಗಳು ನಮ್ಮ ರಾತ್ರಿ 8.30, ಮುಂದಿನ ತಿಂಗಳು ನಮ್ಮ ಬೆಳಿಗ್ಗೆ 8, ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದವರ ಸಂಜೆ 7.30. ಗ್ರಾಹಕರ ಮುಂದೆ ಇದನ್ನು ಕೇಳಲು ನಮ್ಮ ಮ್ಯಾನೇಜರುಗಳು ಹಿಂಜರಿಯುತ್ತಾರೆ. ಕೇಳದೆ ಸಿಗುವುದೂ ಇಲ್ಲ.

2020ರ ಮಾರ್ಚ್‌ವರೆಗೆ ಇದು ಎರಡು ಕಚೇರಿಗಳ ನಡುವಿನ ತಾಪತ್ರಯ. ಟಿಪ್ಪಣಿಯಲ್ಲಿ ಬಿಟ್ಟುಹೋದದ್ದನ್ನು ಪಕ್ಕದ ಸೀಟಿನವರನ್ನು ಕೇಳಿ ತುಂಬಿಕೊಳ್ಳಬಹುದಿತ್ತು. ಲಾಕ್‌ಡೌನ್ ಆ ಸೀಟನ್ನೂ ಖಾಲಿ ಮಾಡಿತು. ಜಯನಗರದಲ್ಲಿ ಕೂತವರು ವೈಟ್‌ಫೀಲ್ಡಿನವರಿಗೂ ಬ್ರಾಂಚ್ ಹೆಸರು, ಎರರ್ ಸಾಲು ಬರೆದೇ ಕಳಿಸಬೇಕಾಯಿತು.