ಪಿಯುಸಿ ಆಯ್ತು, ನನ್ನ ಡಿಗ್ರಿಯನ್ನು ನಾನೇ ಜೋಡಿಸಿಕೊಳ್ಳಬಹುದಾ?

ಪ್ರಶ್ನೆ: ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದೇನೆ. ಕೆರೆಗಳನ್ನು ಉಳಿಸುವ ಕೆಲಸ ಮಾಡಬೇಕು ಅಂತ ಆಸೆ. ಅದಕ್ಕೆ ಜೀವಶಾಸ್ತ್ರ ಬೇಕು, ಮ್ಯಾಪ್ ಮಾಡಲು ಬರಬೇಕು, ಸ್ವಲ್ಪ ಕಾನೂನೂ ಗೊತ್ತಿರಬೇಕು. ಇವೆಲ್ಲ ಇರುವ ಡಿಗ್ರಿ ಎಲ್ಲೂ ಕಾಣಲಿಲ್ಲ. ಅಮೆರಿಕದಲ್ಲಿ ನಮ್ಮ ಡಿಗ್ರಿಯನ್ನು ನಾವೇ ರೂಪಿಸಿಕೊಳ್ಳಬಹುದಂತೆ. ಇಲ್ಲಿ ಆಗುತ್ತದಾ?

ಉತ್ತರ: ಡಿಗ್ರಿ ಸರ್ಟಿಫಿಕೇಟಿನ ಮೇಲೆ ‘ಕೆರೆ ಸಂರಕ್ಷಣೆ’ ಅಂತ ಬರೆಸಿಕೊಳ್ಳುವುದು ನಮ್ಮ ಮಾಮೂಲಿ ಕಾಲೇಜುಗಳಲ್ಲಿ ಆಗದ ಮಾತು. ಆದರೆ ಅದಕ್ಕೆ ಬೇಕಾದ ಓದಿನ ಬಹುಪಾಲನ್ನು ಮೂರು ವರ್ಷದಲ್ಲಿ ಓದಿಕೊಳ್ಳಬಹುದು.

ಅಮೆರಿಕದ ವಿಷಯ ನೀವು ಕೇಳಿದ್ದು ನಿಜ. ಅದಕ್ಕೊಂದು ಮಜವಾದ ಉದಾಹರಣೆ ಇದೆ. ವಿಲ್ ಶಾರ್ಟ್ಜ್ ಅನ್ನುವ ಹುಡುಗನಿಗೆ ಪದಬಂಧದ ಹುಚ್ಚು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯವನ್ನು ವಿದ್ಯಾರ್ಥಿಯೇ ರೂಪಿಸಿಕೊಳ್ಳುವ ಏರ್ಪಾಡಿತ್ತು. ಆತ ಒಗಟುಗಳ ಅಧ್ಯಯನವನ್ನೇ ತನ್ನ ಮೇಜರ್ ಮಾಡಿಕೊಂಡ. ಅದಕ್ಕೆ ಪಾಠಗಳೇ ಇರಲಿಲ್ಲ, ಎಲ್ಲಿಂದ ಬರಬೇಕು? ಇಂಗ್ಲಿಷ್ ವಿಭಾಗದ ಪ್ರಾಧ್ಯಾಪಕರೊಬ್ಬರನ್ನು ಒಪ್ಪಿಸಿದ. ಹೊಸ ಪದಬಂಧ ಮಾಡಿಕೊಂಡು ಹೋಗುವುದು, ಅವರು ಬಿಡಿಸುತ್ತಾ ತಪ್ಪು ಹೇಳುವುದು, ಅದೇ ಒಂದು ಕೋರ್ಸ್. ಹೀಗೆ ಗಣಿತದ ಒಗಟು, ಒಗಟಿನ ಮನಶ್ಶಾಸ್ತ್ರ ಎಂದೆಲ್ಲ ಸೇರಿಸಿ 1974ರಲ್ಲಿ ಡಿಗ್ರಿ ಪಡೆದ. 1993ರಿಂದ ನ್ಯೂಯಾರ್ಕ್ ಟೈಮ್ಸ್ ಪದಬಂಧದ ಸಂಪಾದಕ.

ಈ ಕತೆ ಹೇಳುವವರು ಒಂದು ಸಂಗತಿಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಆ ಡಿಗ್ರಿ ಆದಮೇಲೆ ಶಾರ್ಟ್ಜ್ ವರ್ಜೀನಿಯಾದಲ್ಲಿ ಲಾ ಕೂಡ ಓದಿದರು. ವಕೀಲಿಕೆ ಮಾಡಲಿಲ್ಲ, ಆದರೆ ಆ ಬಾಗಿಲು ತೆರೆದಿತ್ತು. ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಈಗ ನಮ್ಮೂರಿಗೆ ಬನ್ನಿ. ಮೂರು ವಿಷಯಗಳ ಡಿಗ್ರಿ ಕರ್ನಾಟಕಕ್ಕೆ ಹಳೆಯದು. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ), ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಅಂತ ನಮ್ಮ ಅಪ್ಪ ಅಮ್ಮಂದಿರೂ ಓದಿದ್ದೇ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಆನರ್ಸ್ ಶುರುವಾಯಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ತೊಂದರೆ ಏನೆಂದರೆ ಕಾಂಬಿನೇಷನ್ ಆರಿಸುವುದು ನೀವು, ಮಾಡಿಟ್ಟಿರುವುದು ಕಾಲೇಜು. ಹೋಟೆಲಿನ ಮೀಲ್ಸ್ ತರಹ. ಪಲ್ಯ ಬದಲಿಸಿ ಅಂದರೆ ಬದಲಿಸುವುದಿಲ್ಲ.

ಹಾಗಾಗಿ ವಿಷಯದಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. ಕೆರೆ ಉಳಿಸುವವರು ದಿನವಿಡೀ ಏನು ಮಾಡುತ್ತಾರೆ? ನೀರಿನ ಸ್ಯಾಂಪಲ್ ತೆಗೆದು ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡುತ್ತಾರೆ. ಅದು ಕೆಮಿಸ್ಟ್ರಿ. ಪಾಚಿ, ಹಕ್ಕಿ, ಮೀನು ಗುರುತಿಸುತ್ತಾರೆ. ಅದು ಬಾಟನಿ, ಜುವಾಲಜಿ. ಇನ್ನು ಕೆರೆ ಎಲ್ಲಿಗೆ ಮುಗಿಯುತ್ತದೆ, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಅಂತ ಗ್ರಾಮ ನಕ್ಷೆ, ಪಹಣಿ ಹಿಡಿದು ಹುಡುಕುತ್ತಾರೆ. ನಮ್ಮ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇದೆಯಲ್ಲ, ಅದರಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಒಂದು ಭಾನುವಾರ ನಿಮ್ಮೂರ ಕೆರೆ ಏರಿ ಮೇಲೆ ನಿಂತು ಅದನ್ನು ತೆರೆದು ನೋಡಿ. ಆ ಹುಡುಕಾಟ ಬೇಜಾರು ತರಿಸಿದರೆ ಈಗಲೇ ಗೊತ್ತಾಗಲಿ. ಕೆರೆ ಕೆಲಸದಲ್ಲಿ ಕಾಗದಪತ್ರದ ಪಾಲು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ನೋಡಿದಿರಾ, ಅರ್ಧಕ್ಕಿಂತ ಹೆಚ್ಚು ಕೆಲಸ ಹಳೆಯ ಸಿಬಿಝಡ್‌ನಲ್ಲೇ ಸಿಕ್ಕಿತು. ಉಳಿದದ್ದು ಮ್ಯಾಪು, ಕಾನೂನು.

ಮ್ಯಾಪಿಗೆ ಡಿಗ್ರಿ ಬೇಕಿಲ್ಲ. ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಡೆಹ್ರಾಡೂನಿನಲ್ಲಿರುವ ಇಸ್ರೋದ ಐಐಆರ್‌ಎಸ್ ಸಂಸ್ಥೆ ಆನ್‌ಲೈನಿನಲ್ಲಿ ಉಚಿತ ಪಾಠ ನಡೆಸುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲಿನಲ್ಲೂ ಕೋರ್ಸುಗಳಿವೆ. ಓದುವುದು ಉಚಿತ, ಪರೀಕ್ಷೆಗೆ ಶುಲ್ಕ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರಷ್ಟನ್ನು ಸ್ವಯಂನಲ್ಲಿ ಓದಿದರೂ ಕ್ರೆಡಿಟ್ ಕೊಡಬಹುದು, ಅಂದರೆ ಅದನ್ನು ಡಿಗ್ರಿಯ ಲೆಕ್ಕಕ್ಕೆ ಸೇರಿಸಬಹುದು ಎಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮ ಹೇಳುತ್ತದೆ. ಆದರೆ ನಿಯಮ ಬೇರೆ, ನಿಮ್ಮ ಕಾಲೇಜು ಒಪ್ಪುವುದು ಬೇರೆ. ಅಡ್ಮಿಷನ್ ಆಗುವ ಮೊದಲೇ ಪ್ರಿನ್ಸಿಪಾಲರನ್ನು ಕೇಳಿ. ಶುಲ್ಕ ಕಟ್ಟಿದ ಮೇಲೆ ಕೇಳಿದರೆ ಉತ್ತರದ ಧಾಟಿಯೇ ಬದಲಾಗಿರುತ್ತದೆ.

ಕಾನೂನನ್ನು ಮುಂದಕ್ಕೆ ಹಾಕಿ. ಯಾವ ಡಿಗ್ರಿ ಆದಮೇಲೂ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಅದನ್ನು ಈಗಲೇ ಡಿಗ್ರಿಯೊಳಗೆ ತುರುಕಿಕೊಳ್ಳುವ ಅವಸರ ಬೇಡ.

ಬಾಗಿಲಿನ ಮಾತಿಗೆ ಮತ್ತೆ ಬರುತ್ತೇನೆ. ಐಎಎಸ್, ಕೆಎಎಸ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಆದರೆ ಭಾರತೀಯ ಅರಣ್ಯ ಸೇವೆ ಹಾಗಲ್ಲ. ಡಿಗ್ರಿಯಲ್ಲಿ ಬಾಟನಿ, ಜುವಾಲಜಿ, ಕೆಮಿಸ್ಟ್ರಿ, ಜಿಯಾಲಜಿ, ಫಿಸಿಕ್ಸ್, ಗಣಿತದಂಥ ಒಂದು ವಿಷಯವಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯ ವಿಜ್ಞಾನ, ಎಂಜಿನಿಯರಿಂಗ್ ಓದಿರಬೇಕು. ಪರಿಸರ, ಸಮಾಜ, ಸುಸ್ಥಿರತೆ ಅಂತೆಲ್ಲ ಚಂದದ ಹೆಸರಿಟ್ಟ ಬಿಎ ಸೇರಿದರೆ ಆ ಬಾಗಿಲು ಮುಚ್ಚಿಹೋಗಬಹುದು. ಕೆರೆ ಪ್ರೀತಿಸುವ ಹುಡುಗಿಗೆ ಅರಣ್ಯ ಇಲಾಖೆಯ ಬಾಗಿಲು ಮುಚ್ಚುವುದು ಅನ್ಯಾಯ ಅಲ್ವಾ? ಎಂಎಸ್ಸಿಗೂ ಅಷ್ಟೇ. ನಿಮಗೆ ಬೇಕಾದ ಎರಡು ಮೂರು ಕೋರ್ಸುಗಳ ಅರ್ಹತೆಯ ಸಾಲನ್ನು ಇವತ್ತೇ ಓದಿ.

ಡಿಗ್ರಿ ಎರಡು ಬೇಕೆನ್ನಿಸಿದರೆ 2022ರಿಂದ ಯುಜಿಸಿ ಅದಕ್ಕೂ ಒಪ್ಪಿದೆ, ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ನನ್ನ ಕೇಳಿದರೆ ಬೇಡ. ಆ ಸಮಯವನ್ನು ಒಂದೇ ಕೆರೆಗೆ ಕೊಡಿ. ಪ್ರತಿ ತಿಂಗಳು ಅದೇ ನೀರು, ಅದೇ ಜಾಗ, ಒಂದು ನೋಟ್‌ಬುಕ್. ಮೊದಲ ವರ್ಷದಿಂದಲೇ ಶುರು ಮಾಡಿದರೆ ಕೊನೆಯ ವರ್ಷದ ಹೊತ್ತಿಗೆ ಎರಡು ಮಳೆಗಾಲ, ಎರಡು ಬೇಸಿಗೆಯ ಲೆಕ್ಕ ಕೈಯಲ್ಲಿರುತ್ತದೆ. ಇಂಟರ್ವ್ಯೂಗೆ ಹೋದಾಗ ಆ ನೋಟ್‌ಬುಕ್ ಮೇಜಿನ ಮೇಲಿಡಿ.